ಬೆಂಗಳೂರಿನಲ್ಲಿ ನಿಮ್ಮ ಮೇಲೆ ಕ್ರಿಮಿನಲ್ ಕೇಸ್ ಬಿದ್ದರೆ: ಎಲ್ಲರೂ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲ ಅಲ್ಲ. ಮನೆ ಮುಂದೆ ಕಾರು ನಿಲ್ಲಿಸುವ ವಿಷಯಕ್ಕೆ ಎದ್ದ ಒಂದು ಜಗಳದಲ್ಲಿ 'ಎ2', ಅಂದರೆ ಎರಡನೇ ಆರೋಪಿ ಆಗಿ ನಾಲ್ಕು ವರ್ಷ ನೃಪತುಂಗ ರಸ್ತೆಯ ಕೋರ್ಟಿಗೆ ಅಲೆದವನು. 'ಎ1' ನಮ್ಮ ಭಾವ. ಕೇಸು ಮುಗಿದಿದೆ, ಆದರೆ ಅವತ್ತಿನಿಂದ ನೆಂಟರು, ಆಫೀಸಿನವರು, ಅವರ ಸ್ನೇಹಿತರು ಎಲ್ಲರೂ ಇಂಥದ್ದೇನಾದರೂ ಆದರೆ ನನಗೇ ಫೋನ್ ಮಾಡುತ್ತಾರೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಕೇಸಿಗೆ ಏನು ಮಾಡಬೇಕು ಅನ್ನೋದನ್ನು ನಿಮ್ಮ ವಕೀಲರೇ ಹೇಳಬೇಕು. ಅವರ ಹತ್ತಿರ ಹೋಗುವ ಮುಂಚೆ ಗೊತ್ತಿರಬೇಕಾದ್ದು ಇಲ್ಲಿದೆ.

ಸ್ಟೇಷನ್‌ನಿಂದ ಫೋನ್ ಬಂತು. "ಸುಮ್ನೆ ಬಂದು ಹೋಗಿ ಸಾರ್, ಸ್ವಲ್ಪ ಮಾತಾಡಬೇಕು" ಅಂದರು. ಹೋಗಬೇಕಾ?

ಯಾವ ಸ್ಟೇಷನ್, ಯಾರು ಮಾತಾಡುತ್ತಿರೋದು, ಯಾರ ದೂರು, ಎಫ್‌ಐಆರ್ ಆಗಿದೆಯಾ ಅಥವಾ ಬರೀ ಅರ್ಜಿ ವಿಚಾರಣೆಯಾ, ಇಷ್ಟನ್ನು ಮೆಲ್ಲಗೆ ಕೇಳಿ ಬರೆದುಕೊಳ್ಳಿ. ಆಮೇಲೆ ನೋಟಿಸ್ ಕೊಡಿ, ಬರುತ್ತೇನೆ ಅನ್ನಿ. ಜಗಳ ಆಡಬೇಡಿ, ಹೋಗದೇ ತಲೆ ಮರೆಸಿಕೊಳ್ಳಲೂ ಬೇಡಿ.

ಎಫ್‌ಐಆರ್ ಆಗಿದ್ದು, ಶಿಕ್ಷೆ 7 ವರ್ಷದವರೆಗಿನ ಅಪರಾಧ ಆಗಿದ್ದರೆ, ಸಾಮಾನ್ಯವಾಗಿ ಮೊದಲು ನೋಟಿಸ್ ಬರಬೇಕು. ಬಿಎನ್‌ಎಸ್‌ಎಸ್ ಸೆಕ್ಷನ್ 35(3) ಅಂತ ಅದರ ಮೇಲೆ ಇರುತ್ತದೆ. ಬಿಎನ್‌ಎಸ್‌ಎಸ್ ಅಂದರೆ ಹಳೆ ಸಿಆರ್‌ಪಿಸಿ ಬದಲು ಬಂದ, ಬಂಧನ, ಜಾಮೀನು, ವಿಚಾರಣೆ ಹೇಗೆ ಅಂತ ಹೇಳುವ ಕಾನೂನು. ಹಳಬರು ಈಗಲೂ '41ಎ ನೋಟಿಸ್' ಅಂತಾರೆ. ನೋಟಿಸ್‌ಗೆ ಸರಿಯಾಗಿ ಹಾಜರಾಗುತ್ತಿದ್ದರೆ, ಬಂಧನ ಯಾಕೆ ಬೇಕು ಅಂತ ಕಾರಣ ಬರೆಯದೆ ಅರೆಸ್ಟ್ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಅಂತ 2025ರಲ್ಲಿ ಮತ್ತೆ ಹೇಳಿತು. ಆದರೂ ವಾಟ್ಸಾಪ್‌ನಲ್ಲಿ ಬಂದರೆ ನೋಡಿಲ್ಲ ಅಂತ ನಟಿಸಬೇಡಿ, ವಕೀಲರಿಗೆ ತೋರಿಸಿ.

ಮನೆಯಲ್ಲಿ ಹೆಂಗಸರನ್ನೋ ವಯಸ್ಸಾದವರನ್ನೋ ಸಾಕ್ಷಿ ಅಂತ ಸ್ಟೇಷನ್‌ಗೆ ಕರೆದರೆ, ಮನೆಗೇ ಬಂದು ಕೇಳಿ ಅನ್ನಬಹುದು. ಮಹಿಳೆಯರು, 60 ದಾಟಿದ ಗಂಡಸರು, 15 ತುಂಬದ ಹುಡುಗರನ್ನು ಸಾಕ್ಷಿಯಾಗಿ ಅವರ ಮನೆ ಬಿಟ್ಟು ಬೇರೆ ಕಡೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ.

ವಿಡಿಯೊ ಕಾಲ್‌ನಲ್ಲಿ ಯೂನಿಫಾರಂ ಹಾಕಿದವರು ಬಂದು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂದರೆ?

ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನ್ನ ಮೇಲೆ ಏನು ಕೇಸ್ ಹಾಕಿದ್ದಾರೆ ಅಂತ ತಿಳಿಯೋದು ಹೇಗೆ?

ಎಫ್‌ಐಆರ್ ಕಾಪಿ ತೆಗೆದುಕೊಳ್ಳಿ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು ಪೊಲೀಸ್ ವೆಬ್‌ಸೈಟ್‌ಗೆ 24 ಗಂಟೆಯಲ್ಲಿ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಇದೆ. ಕರ್ನಾಟಕ ಪೊಲೀಸ್ ವೆಬ್‌ಸೈಟ್‌ನಲ್ಲಿ ಸ್ಟೇಷನ್ ಹೆಸರು, ಕ್ರೈಂ ನಂಬರ್, ವರ್ಷ ಹಾಕಿ ಹುಡುಕಬಹುದು. ಸಿಗದಿದ್ದರೆ ವಕೀಲರು ಕೋರ್ಟಿನಿಂದ ತೆಗೆಸುತ್ತಾರೆ.

ಕಾಪಿ ಕೈಗೆ ಬಂದ ಮೇಲೆ ಮೊದಲು ಸೆಕ್ಷನ್ ನೋಡಿ. 2024ರ ಜುಲೈ 1ರಿಂದ ಯಾವ ಅಪರಾಧಕ್ಕೆ ಯಾವ ಶಿಕ್ಷೆ ಅಂತ ಹೇಳುವ ಐಪಿಸಿ ಹೋಗಿ ಬಿಎನ್‌ಎಸ್ ಬಂದಿದೆ, ಹಾಗಾಗಿ ನಂಬರುಗಳು ಎಲ್ಲರಿಗೂ ಗೊಂದಲ. ಬೀದಿ ಜಗಳದ ಕೇಸುಗಳಲ್ಲಿ ಹಿಂದೆ 341, 323, 504, 506 ಅಂತ ಒಂದು ಸೆಟ್ ಹಾಕುತ್ತಿದ್ದರು, ನಮ್ಮದೂ ಅದೇ. ಈಗ ಅದೇ ಜಗಳ 126(2), 115(2), 352, 351(2) ಆಗುತ್ತದೆ. ಮೋಸದ '420' ಈಗ 318(4). ಹೆಂಡತಿಗೆ ಕಿರುಕುಳದ 498ಎ ಈಗ 85. ಜುಲೈ 1ಕ್ಕೂ ಮುಂಚೆ ನಡೆದ ಘಟನೆಗೆ ಹಳೆ ಐಪಿಸಿಯೇ.

ನಂಬರು ನೋಡಿದ ತಕ್ಷಣ ಗೂಗಲ್ ಮಾಡಿ ರಾತ್ರಿಯೆಲ್ಲಾ ಎದ್ದಿರಬೇಡಿ. ನಾನು ಹಾಗೆ ಮಾಡಿದ್ದೆ. 'ಎರಡು ವರ್ಷ ಜೈಲು' ಅಂತ ಓದಿ ಊಟ ಬಿಟ್ಟಿದ್ದೆ. ಅಲ್ಲಿ ಬರೆದಿರೋದು ಕೊಡಬಹುದಾದ ಗರಿಷ್ಠ ಶಿಕ್ಷೆ, ಅಷ್ಟೇ.

ಜಾಮೀನು ಸಿಗುತ್ತಾ?

ಜಾಮೀನಿಗೆ ಅರ್ಹ ಅಪರಾಧ ಆದರೆ ಅದು ನಿಮ್ಮ ಹಕ್ಕು. ಸ್ಟೇಷನ್‌ನಲ್ಲೇ ಬಿಡಬೇಕು, ಅದನ್ನೇ ಜನ 'ಸ್ಟೇಷನ್ ಬೇಲ್' ಅಂತಾರೆ. ಇದಕ್ಕೆ ಯಾರಿಗೂ ಏನೂ 'ನೋಡಿಕೊಳ್ಳುವ' ಅಗತ್ಯ ಇಲ್ಲ. ಜಾಮೀನುರಹಿತ ಆದರೆ ಸಿಗೋದೇ ಇಲ್ಲ ಅಂತ ಅಲ್ಲ, ಕೊಡಬೇಕೋ ಬೇಡವೋ ಅನ್ನೋದನ್ನು ಕೋರ್ಟು ನಿರ್ಧರಿಸುತ್ತದೆ. ಮ್ಯಾಜಿಸ್ಟ್ರೇಟ್ ಕೊಡದಿದ್ದರೆ ಸೆಷನ್ಸ್, ಅಲ್ಲೂ ಆಗದಿದ್ದರೆ ಹೈಕೋರ್ಟ್. ದೊಡ್ಡ ಪ್ರಮಾಣದ ಮಾದಕ ವಸ್ತುವಿನಂಥ ಕೇಸುಗಳಲ್ಲಿ ಕಾನೂನೇ ತುಂಬಾ ಬಿಗಿ.

ಅರೆಸ್ಟ್ ಆಗೋ ಭಯ ಇದ್ದರೆ ಮೊದಲೇ ನಿರೀಕ್ಷಣಾ ಜಾಮೀನು ಹಾಕಬಹುದು, ಬಿಎನ್‌ಎಸ್‌ಎಸ್ 482. ಬೆಂಗಳೂರಿನಲ್ಲಿ ಹೆಚ್ಚಿನವರು ಮೊದಲು ಸಿಟಿ ಸಿವಿಲ್ ಕೋರ್ಟ್ ಆವರಣದ ಸೆಷನ್ಸ್ ಕೋರ್ಟಿಗೆ ಹಾಕುತ್ತಾರೆ. ಮೇಲ್ನೋಟಕ್ಕೆ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಕಾಣುತ್ತಿದ್ದರೆ ಇದು ಸಿಗೋದಿಲ್ಲ. ಇನ್ನೊಂದು ಮಾತು: ಅರೆಸ್ಟ್ ಆಗುವ ಸಾಧ್ಯತೆಯೇ ಇಲ್ಲದ ಸಣ್ಣ ಕೇಸಿಗೂ ನಿರೀಕ್ಷಣಾ ಜಾಮೀನು ಹಾಕಿಸಿ ಫೀಸ್ ತೆಗೆದುಕೊಂಡವರನ್ನು ನೋಡಿದ್ದೇನೆ. ಸೆಕ್ಷನ್ ಜಾಮೀನಿಗೆ ಅರ್ಹವಾ ಅಂತ ಮೊದಲು ಕೇಳಿ.

ಅರೆಸ್ಟ್ ಮಾಡಿಬಿಟ್ಟರೆ ಮನೆಯವರು ಏನು ಮಾಡಬೇಕು?

ಗಡಿಯಾರ ನೋಡಿ, ಟೈಮ್ ಬರೆದಿಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಭಾನುವಾರ ಆದರೂ ಅಷ್ಟೇ, ಜಡ್ಜ್ ಮನೆಗೇ ಕರೆದೊಯ್ಯುತ್ತಾರೆ. ಯಾಕೆ ಬಂಧಿಸಿದ್ದೇವೆ ಅನ್ನೋ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿ ಮಾಡುವ ಹಕ್ಕೂ ಇದೆ, ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕು ಅಲ್ಲ. ಸೂರ್ಯ ಮುಳುಗಿದ ಮೇಲೆ ಮಹಿಳೆಯರನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟ್ ಅನುಮತಿ ತರಬೇಕು. 60 ದಾಟಿದವರ ಮೇಲೆ 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿದ್ದರೆ ಎಸಿಪಿ ಮಟ್ಟದವರ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ.

ಮ್ಯಾಜಿಸ್ಟ್ರೇಟ್ ಮುಂದೆ ನಿಂತಾಗ "ಪೊಲೀಸರು ಏನಾದರೂ ತೊಂದರೆ ಕೊಟ್ಟರಾ" ಅಂತ ಕೇಳಿದರೆ, ಹೊಡೆದಿದ್ದರೆ ಅಲ್ಲೇ ಹೇಳಬೇಕು. ಮುಂದಿನ ಡೇಟಿಗೆ ಹೇಳಿದರೆ ಅದಕ್ಕೆ ಬೆಲೆ ಕಡಿಮೆ.

ಒಳಗೇ ಉಳಿದುಬಿಟ್ಟರೆ ದಿನ ಎಣಿಸುತ್ತಿರಿ. 10 ವರ್ಷ ಅಥವಾ ಅದಕ್ಕೂ ಮೇಲಿನ ಶಿಕ್ಷೆಯ ಕೇಸಿನಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ತಾನಾಗಿ ಸಿಗಲ್ಲ, ಚಾರ್ಜ್‌ಶೀಟ್ ಬೀಳುವ ಮುಂಚೆ ಅರ್ಜಿ ಹಾಕಬೇಕು. ಒಂದು ದಿನ ತಡವಾದರೂ ಆ ಹಕ್ಕು ಕೈತಪ್ಪಬಹುದು.

ಸ್ಟೇಷನ್‌ನಲ್ಲಿ ನಿಜ ಹೇಳಿಬಿಟ್ಟರೆ ಬಿಟ್ಟುಬಿಡುತ್ತಾರೆ ಅಲ್ವಾ?

ನಮ್ಮ ಭಾವ ಹಾಗೇ ಅಂದುಕೊಂಡಿದ್ದರು. ಒಂದೂವರೆ ಗಂಟೆ ಮಾತಾಡಿದರು. ಜಗಳ ಹೇಗೆ ಶುರುವಾಯಿತು, ಪಕ್ಕದ ಮನೆಯವರ ಜೊತೆ ಐದು ವರ್ಷದಿಂದ ಏನು ಇತ್ತು, ತಾವು ಎಷ್ಟು ತಾಳ್ಮೆಯಿಂದ ಇದ್ದರು, ಕೊನೆಗೆ ಕೋಪ ಬಂದು "ಒಂದೇ ಒಂದು ಸಲ ತಳ್ಳಿದೆ ಸಾರ್" ಅಂತಾನೂ ಸೇರಿಸಿದರು. ಆಮೇಲೆ ಅದರ ಸುತ್ತಲೇ ಕೇಸು ಬೆಳೆಯಿತು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಲ್ಲ, ಅದು ನಿಜ. ಆದರೆ ನಿಮ್ಮ ಮಾತಿನ ಎಳೆ ಹಿಡಿದು ಯಾರನ್ನು ಕೇಳಬೇಕು, ಏನು ಹುಡುಕಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಿಲ್ಲ ಅಂತ ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಹೆಸರು, ವಿಳಾಸ ಹೇಳಿ. ಉಳಿದದ್ದಕ್ಕೆ "ವಕೀಲರ ಹತ್ತಿರ ಮಾತಾಡಿ ಹೇಳುತ್ತೇನೆ ಸಾರ್" ಅಂದರೆ ಸಾಕು. ಮರ್ಯಾದೆಯಿಂದ ಹೇಳಿ, ಅದು ಉದ್ಧಟತನ ಅಲ್ಲ.

ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ತನಿಖೆ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನಿಮ್ಮ ಸಹಿ ಕಾನೂನಿನ ಪ್ರಕಾರ ಬೇಕಾಗೂ ಇಲ್ಲ. ಮಹಜರ್, ಅರೆಸ್ಟ್ ಮೆಮೊ, ನೋಟಿಸ್ ತಲುಪಿದ್ದಕ್ಕೆ ಸಹಿ ಇವೆಲ್ಲ ಬೇರೆ. ಓದಿ, ಮೇಲೆ ತಾರೀಖು, ಟೈಮ್ ಹಾಕಿ ಸಹಿ ಮಾಡಿ. ಫೋನ್ ಪಾಸ್‌ವರ್ಡ್ ಕೇಳಿದರೆ ವಕೀಲರನ್ನು ಕೇಳಿ ಹೇಳಿ. ತೀರಾ ತುರ್ತು ಬಿಟ್ಟರೆ ಫೋನ್ ಶೋಧಕ್ಕೆ ಸರ್ಚ್ ವಾರಂಟ್ ಬೇಕು ಅಂತ ಕರ್ನಾಟಕ ಹೈಕೋರ್ಟ್ 2021ರ ಒಂದು ತೀರ್ಪಿನಲ್ಲಿ ಹೇಳಿದೆ.

ಒಳ್ಳೆ ಕ್ರಿಮಿನಲ್ ವಕೀಲರನ್ನು ಹುಡುಕೋದು ಹೇಗೆ?

ಎಲ್ಲರೂ ಇದನ್ನೇ ಮೊದಲು ಕೇಳುತ್ತಾರೆ, ಮತ್ತು ಎಲ್ಲರೂ ಹೆಸರು ಕೊಡಿ ಅಂತಾರೆ. ನಾನು ಹೆಸರು ಕೊಡಲ್ಲ, ಹುಡುಕುವ ದಾರಿ ಹೇಳುತ್ತೇನೆ.

ಇಂಟರ್‌ನೆಟ್‌ನಲ್ಲಿ 'ಬೆಂಗಳೂರಿನ ನಂಬರ್ ಒನ್ ವಕೀಲರು' ಅಂತ ಬರೋದನ್ನು ನಂಬಬೇಡಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತೆಯೇ ಇಲ್ಲ. ಸ್ಟೇಷನ್‌ನಲ್ಲಿ "ನಮಗೆ ಗೊತ್ತಿರೋ ಲಾಯರ್ ಇದ್ದಾರೆ, ಕರೆಸಲಾ" ಅಂದರೂ ಬೇಡ. ಕೋರ್ಟ್ ಗೇಟಿನಲ್ಲಿ ನಿಮ್ಮ ಮುಖದ ಗಾಬರಿ ನೋಡಿ "ಬೇಲಾ ಸಾರ್?" ಅಂತ ಹಿಂದೆ ಬೀಳುವವರಂತೂ ಬೇಡವೇ ಬೇಡ.

ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ನಿಮ್ಮ ಸ್ಟೇಷನ್‌ನ ಕೇಸುಗಳು ಯಾವ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬರುತ್ತವೆ ಅಂತ ತಿಳಿದು, ಆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ 11 ಗಂಟೆಗೆ ಹೋಗಿ ಕೂತುಬಿಡಿ. ಕೋರ್ಟು ತೆರೆದಿರುತ್ತದೆ, ಯಾರು ಬೇಕಾದರೂ ಕೂರಬಹುದು. ಪಾಟಿ ಸವಾಲು ಮಾಡುವಾಗ ಯಾರು ಕಾಗದ ಓದಿಕೊಂಡು ಬಂದಿದ್ದಾರೆ, ಯಾರು ಪ್ರತಿ ಕೇಸಿಗೂ "ಟೈಮ್ ಕೊಡಿ ಸ್ವಾಮಿ" ಅಂತಿದ್ದಾರೆ ಅನ್ನೋದು ಎರಡೇ ಗಂಟೆಯಲ್ಲಿ ಗೊತ್ತಾಗುತ್ತದೆ. ನಾವು ನಮ್ಮ ಎರಡನೇ ವಕೀಲರನ್ನು ಹೀಗೇ ಹುಡುಕಿದ್ದು. ಮೊದಲನೆಯವರು ಭಾವನ ಸ್ನೇಹಿತರ ಸ್ನೇಹಿತರು, ಆಸ್ತಿ ಪತ್ರದ ಕೆಲಸದಲ್ಲಿ ಬಹಳ ಚುರುಕಂತೆ. ನಮ್ಮ ಕೇಸಿನಲ್ಲಿ ಮೂರು ಡೇಟಿಗೆ ಜೂನಿಯರ್ ಬಂದರು, ನಾಲ್ಕನೆಯದಕ್ಕೆ ಯಾರೂ ಬರಲಿಲ್ಲ.

ಭೇಟಿಯಾದಾಗ ಮೂರು ವಿಷಯ ಕೇಳಿ. ಕೋರ್ಟಿಗೆ ನೀವೇ ಬರುತ್ತೀರಾ? ಈ ಸೆಕ್ಷನ್‌ನ ಕೇಸು ವಿಚಾರಣೆ ಮುಗಿಯುವವರೆಗೂ ನಡೆಸಿದ್ದೀರಾ? ನನ್ನ ಕೇಸಿನಲ್ಲಿ ನನಗೆ ಅನುಕೂಲ ಅಲ್ಲದ್ದು ಯಾವುದು? ಮೂರನೆಯದಕ್ಕೆ "ಏನೂ ಇಲ್ಲ, ಗ್ಯಾರಂಟಿ ಗೆಲ್ಲುತ್ತೇವೆ" ಅಂದರೆ ಕಾಫಿ ಕುಡಿದು ಎದ್ದು ಬನ್ನಿ.

ಫೀಸ್ ಎಷ್ಟಾಗುತ್ತದೆ?

ಒಬ್ಬೊಬ್ಬರದು ಒಂದೊಂದು ಥರ, ನಾನು ಅಂಕಿ ಹೇಳಿದರೆ ತಪ್ಪಾಗುತ್ತದೆ. ಜಾಮೀನಿಗೆ ಬೇರೆ, ವಿಚಾರಣೆಗೆ ಬೇರೆ, ಹೈಕೋರ್ಟಿಗೆ ಬೇರೆ. ಯಾವುದಕ್ಕೆ ಎಷ್ಟು, ಯಾವ ಹಂತದಲ್ಲಿ ಕೊಡಬೇಕು ಅನ್ನೋದನ್ನು ಮೊದಲ ದಿನವೇ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಗೆದ್ದರೆ ಇಷ್ಟು ಪಾಲು ಅನ್ನೋ ಒಪ್ಪಂದ ನಮ್ಮ ದೇಶದಲ್ಲಿ ವಕೀಲರು ಮಾಡುವಂತಿಲ್ಲ. "ಸಾಹೇಬರಿಗೆ ಕೊಡಬೇಕು" ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಫೀಸ್ ಅಲ್ಲ, ಲಂಚ. ಅಲ್ಲಿಗೆ ನೀವು ಇನ್ನೊಂದು ಕೇಸಿಗೆ ತಲೆ ಕೊಟ್ಟಂತೆ.

ವಕೀಲರಿಗೆ ಕೊಡಲು ದುಡ್ಡೇ ಇಲ್ಲ.

ಉಚಿತ ಕಾನೂನು ನೆರವು ಇದೆ, ಅದನ್ನು ಭಿಕ್ಷೆ ಅಂದುಕೊಳ್ಳಬೇಡಿ. ಮಹಿಳೆಯರು, ಮಕ್ಕಳು, ಎಸ್‌ಸಿ ಎಸ್‌ಟಿಯವರು, ಬಂಧನದಲ್ಲಿ ಇರುವವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಕೊಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ, ಅಥವಾ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದೂ ಗೊತ್ತಾಗದಿದ್ದರೆ ಜಡ್ಜ್ ಮುಂದೆ ನಿಂತು "ನನಗೆ ವಕೀಲರಿಲ್ಲ ಸ್ವಾಮಿ" ಅಂದರೂ ಆಯಿತು.

ಉಚಿತ ವಕೀಲರು ಅಂದರೆ ಕಾಟಾಚಾರಕ್ಕೆ ಅನ್ನೋ ಮಾತಿದೆ. ಕೆಲವರ ವಿಷಯದಲ್ಲಿ ನಿಜವೂ ಇರಬಹುದು. ಆದರೆ ನಮ್ಮ ಮನೆ ಕೆಲಸದವರ ಮಗನ ಕೇಸು ನಡೆಸಿದ ಮೇಡಂ, ನಾವು ದುಡ್ಡು ಕೊಟ್ಟು ಇಟ್ಟಿದ್ದ ಮೊದಲ ವಕೀಲರಿಗಿಂತ ಎಷ್ಟೋ ವಾಸಿ.

ಶೂರಿಟಿ ಅಂದರೆ ಏನು? ಯಾರನ್ನು ಕರೆತರಬೇಕು?

ಜಾಮೀನು ಸಿಕ್ಕಿದ ಮೇಲೆ ನಿಮ್ಮ ಪರವಾಗಿ, ಇವರು ಕೋರ್ಟಿಗೆ ಬರುತ್ತಾರೆ ಅಂತ ಹೊಣೆ ಹೊರುವವರು. ಆಧಾರ್, ಫೋಟೊ, ಜೊತೆಗೆ ಆಸ್ತಿಯದ್ದೋ ಸಂಬಳದ್ದೋ ದಾಖಲೆ. ಊರಿನಿಂದ ಬರುವವರು ಪಹಣಿ ತರುತ್ತಾರೆ. ಜಡ್ಜ್ ಅವರನ್ನು "ಆರೋಪಿ ನಿಮಗೆ ಏನಾಗಬೇಕು" ಅಂತ ಕೇಳುತ್ತಾರೆ, ಹಾಗಾಗಿ ನಿಜವಾಗಿ ಗೊತ್ತಿರುವವರೇ ಆಗಬೇಕು. ದುಡ್ಡಿಗೆ ಬರುವ ಬಾಡಿಗೆ ಶೂರಿಟಿಗೆ ಮಾತ್ರ ಕೈ ಹಾಕಬೇಡಿ. ದಾಖಲೆ ಖೋಟಾ ಅಂತ ಗೊತ್ತಾದರೆ ಜಾಮೀನೂ ಹೋಗಿ ಹೊಸ ಕೇಸೂ ಬೀಳುತ್ತದೆ.

ಯಾರೂ ಸಿಗದಿದ್ದರೆ ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಬಹುದು. ಜಾಮೀನಿಗೆ ಅರ್ಹ ಕೇಸಿನಲ್ಲಿ ಒಂದು ವಾರವಾದರೂ ಶೂರಿಟಿ ಕೊಡಲಾಗದವರನ್ನು ಬಡವರು ಅಂತ ಪರಿಗಣಿಸಿ ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು.

ಯಾವ ಕೋರ್ಟಿಗೆ ಹೋಗಬೇಕು? ಮೊದಲ ದಿನ ಏನಾಗುತ್ತದೆ?

ಸಮನ್ಸ್ ಮೇಲೆ ಬರೆದಿರುತ್ತದೆ. ನಗರದ ಬಹಳಷ್ಟು ಮ್ಯಾಜಿಸ್ಟ್ರೇಟ್ ಕೋರ್ಟುಗಳು ನೃಪತುಂಗ ರಸ್ತೆಯಲ್ಲಿವೆ, ಕೆಲವು ಮೇಯೊ ಹಾಲ್‌ನಲ್ಲಿವೆ. ಸೆಷನ್ಸ್ ಕೇಸುಗಳು ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರದ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ, ಕೋರ್ಟ್ ಹಾಲುಗಳಿಗೆ ಅಲ್ಲಿ 'ಸಿಸಿಎಚ್' ನಂಬರು. ಆನೇಕಲ್, ನೆಲಮಂಗಲ, ದೇವನಹಳ್ಳಿ ಕಡೆಯವರಿಗೆ ಅವರವರ ಊರಲ್ಲೇ ಕೋರ್ಟು. ಹೊಸ ಕಾನೂನಿನಲ್ಲಿ ಮೆಟ್ರೋಪಾಲಿಟನ್ ಮ್ಯಾಜಿಸ್ಟ್ರೇಟ್ ಅನ್ನೋದೇ ಇಲ್ಲ, ಆದರೂ ಆಟೊದವರಿಗೆ 'ಎಸಿಎಂಎಂ ಕೋರ್ಟ್' ಅಂದರೇ ಅರ್ಥ ಆಗೋದು. ಗಾಡಿ ತರಬೇಡಿ, ಪಾರ್ಕಿಂಗ್ ಸಿಗಲ್ಲ. ಪಾರ್ಕಿಂಗ್ ಜಗಳದ ಆರೋಪಿ ಹೇಳುತ್ತಿದ್ದೇನೆ, ಕೇಳಿ.

ಹತ್ತೂವರೆಗೇ ಹೋಗಿ. ಬಾಗಿಲ ಹತ್ತಿರದ ಪಟ್ಟಿಯಲ್ಲಿ ನಿಮ್ಮ ನಂಬರ್ ನೋಡಿಕೊಳ್ಳಿ, ಫೋನ್ ಸೈಲೆಂಟ್ ಮಾಡಿ. ಅಟೆಂಡರ್ ಹೆಸರು ಕೂಗಿದಾಗ ಮುಂದೆ ಹೋಗಿ ಕೈಮುಗಿದು ನಿಲ್ಲಬೇಕು, ಮುಂದಿನ ತಾರೀಖು ಬರೆದುಕೊಂಡು ಬರಬೇಕು. ಬಹಳ ದಿನ ಇಷ್ಟೇ ಇರುತ್ತದೆ, ಎರಡು ನಿಮಿಷ. ಅದಕ್ಕೆ ಮೂರು ಗಂಟೆ ಕಾಯಬೇಕು. ಇಕೋರ್ಟ್ಸ್ ಆ್ಯಪ್ ಹಾಕಿಕೊಂಡು ಸಿಎನ್‌ಆರ್ ನಂಬರ್ (ನಿಮ್ಮ ಕೇಸಿನ ಗುರುತಿನ ಸಂಖ್ಯೆ) ಸೇವ್ ಮಾಡಿ, ತಾರೀಖು ಅಲ್ಲೇ ಸಿಗುತ್ತದೆ, ಯಾರನ್ನೂ ಕೇಳಬೇಕಿಲ್ಲ.

ಒಂದು ಡೇಟಿಗೆ ಹೋಗದಿದ್ದರೆ ಏನಾಗುತ್ತೆ?

ವಾರಂಟ್ ಆಗುತ್ತದೆ. ಜ್ವರ ಬಂದರೆ, ಮದುವೆ ಇದ್ದರೆ ವಕೀಲರು ಬೆಳಿಗ್ಗೆಯೇ ಗೈರು ಹಾಜರಿ ಅರ್ಜಿ, ಅಂದರೆ 'ಇಪಿ' ಹಾಕಬೇಕು. ಭಾವ ಒಮ್ಮೆ ವಕೀಲರಿಗೂ ಹೇಳದೆ ಧರ್ಮಸ್ಥಳಕ್ಕೆ ಹೋಗಿಬಿಟ್ಟರು, ಎನ್‌ಬಿಡಬ್ಲ್ಯೂ, ಅಂದರೆ ಜಾಮೀನುರಹಿತ ವಾರಂಟ್ ಆಯಿತು. ಆಗ ಓಡಿ ಹೋಗುವುದು ದಡ್ಡತನ. ಸಾಧ್ಯವಾದಷ್ಟು ಬೇಗ ವಕೀಲರ ಜೊತೆ ತಾವೇ ಹೋಗಿ ವಾರಂಟ್ ರೀಕಾಲ್ ಅರ್ಜಿ ಹಾಕಿದರೆ, ಸಾಮಾನ್ಯವಾಗಿ ದಂಡ ಹಾಕಿ ಬೈದು ಬಿಡುತ್ತಾರೆ. ಭಾವನಿಗೂ ಹಾಗೇ ಆಯಿತು. ವರ್ಷಗಟ್ಟಲೆ ತಪ್ಪಿಸಿಕೊಂಡರೆ ಘೋಷಿತ ಆರೋಪಿ, ಆಸ್ತಿ ಜಪ್ತಿವರೆಗೂ ಹೋಗುತ್ತದೆ.

ಎಷ್ಟು ವರ್ಷ ಎಳೆಯುತ್ತಾರೆ?

ಹೇಳೋಕಾಗಲ್ಲ. ಪೊಲೀಸರು ಸಾಕ್ಷಿ ಇಲ್ಲ ಅಂತ 'ಬಿ ರಿಪೋರ್ಟ್' ಹಾಕಿದರೆ ಅಲ್ಲಿಗೇ ನಿಲ್ಲಬಹುದು, ದೂರುದಾರರು ತಕರಾರು ಹಾಕದಿದ್ದರೆ. ಚಾರ್ಜ್‌ಶೀಟ್ ಹಾಕಿದರೆ ಅದರ ಪ್ರತಿ ಪೂರ್ತಿ ನಿಮಗೆ ಉಚಿತವಾಗಿ ಕೊಡಬೇಕು. ಆಮೇಲೆ 'ಎಚ್‌ಬಿಸಿ', ಅಂದರೆ ಆರೋಪ ಹೊರಿಸುವ ಮುಂಚಿನ ವಾದ. ಕೇಸಿನಲ್ಲಿ ಹುರುಳೇ ಇಲ್ಲದಿದ್ದರೆ ಇಲ್ಲೇ ಬಿಡುಗಡೆ ಕೇಳಬಹುದು. ನಂತರ ಸಾಕ್ಷಿ. ಬಹಳ ಕೇಸುಗಳು ಕೂತುಬಿಡೋದು ಇಲ್ಲೇ, ಸಾಕ್ಷಿಗಳು ಬರೋದೇ ಇಲ್ಲ.

ಆರೋಪ ಓದಿ "ತಪ್ಪು ಒಪ್ಪುತ್ತೀರಾ" ಅಂತ ಕೇಳುತ್ತಾರೆ. ಫೈನ್ ಕಟ್ಟಿ ಮುಗಿಸಿಬಿಡೋಣ ಅಂತ ಒಪ್ಪಿಕೊಳ್ಳುವವರು ಜಾಸ್ತಿ. ನೂರು ರೂಪಾಯಿ ಫೈನ್ ಆದರೂ ಅದು ಶಿಕ್ಷೆಯೇ, ನೀವು ಅಪರಾಧಿಯೇ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು ಇಲ್ಲಿ ಹತ್ತು ಸಲ ಯೋಚಿಸಬೇಕು.

ರಾಜಿ ಮಾಡಿಕೊಳ್ಳಬಹುದಾ?

ಕೆಲವು ಸೆಕ್ಷನ್‌ಗಳಲ್ಲಿ ಆಗುತ್ತದೆ. ಸಣ್ಣ ಹೊಡೆದಾಟ, ಬೈಗುಳ, ಅಡ್ಡಗಟ್ಟಿದ್ದು ಇವೆಲ್ಲ ರಾಜಿ ಆಗುವಂಥವು, ರಾಜಿ ಆದರೆ ಕಾನೂನಿನ ಲೆಕ್ಕದಲ್ಲಿ ಅದು ಖುಲಾಸೆ. ನಮ್ಮದು ಲೋಕ ಅದಾಲತ್‌ನಲ್ಲಿ ಮುಗಿಯಿತು. ಪಕ್ಕದ ಮನೆಯವರೂ ಅಲೆದು ಅಲೆದು ಸುಸ್ತಾಗಿದ್ದರು, ನಾವು ಹಾಕಿದ್ದ ಕೌಂಟರ್ ಕೇಸಿನಲ್ಲಿ ಅವರೂ ಆರೋಪಿಗಳೇ ಅಲ್ವಾ. ರಾಜಿ ಆಗದ ಸೆಕ್ಷನ್ ಇದ್ದರೂ, ವೈಯಕ್ತಿಕ ಜಗಳ ಆಗಿದ್ದು ಇಬ್ಬರೂ ಒಪ್ಪಿದರೆ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸಬಹುದು, ಬಿಎನ್‌ಎಸ್‌ಎಸ್ 528. ಕೊಲೆ, ಅತ್ಯಾಚಾರದಂಥವಕ್ಕೆ ಈ ಮಾತು ಅನ್ವಯಿಸಲ್ಲ. ಸಾಕ್ಷಿಗಳಿಗೆ ಫೋನ್ ಮಾಡಿ ಮನವೊಲಿಸುವ ಕೆಲಸಕ್ಕೆ ಮಾತ್ರ ಇಳಿಯಬೇಡಿ, ಜಾಮೀನು ರದ್ದಾಗುತ್ತದೆ. ಮಾತುಕತೆ ವಕೀಲರ ಮೂಲಕವೇ ಇರಲಿ.

ಚೆಕ್ ಬೌನ್ಸ್, ಕುಡಿದು ಗಾಡಿ ಓಡಿಸಿದ್ದು, ಇವೂ ಕ್ರಿಮಿನಲ್ ಕೇಸಾ?

ಹೌದು. ಚೆಕ್ ಬೌನ್ಸ್ ನೋಟಿಸ್ ಕೈಗೆ ಬಂದರೆ 15 ದಿನದಲ್ಲಿ ದುಡ್ಡು ಕೊಟ್ಟರೆ ಕೇಸೇ ಆಗಲ್ಲ. ಆ ನೋಟಿಸನ್ನು ಡ್ರಾಯರಿಗೆ ಹಾಕಿ ಮರೆಯುವವರೇ ಆಮೇಲೆ ವಾರಂಟ್ ಹಿಡಿದುಕೊಂಡು ನನಗೆ ಫೋನ್ ಮಾಡೋದು. ಕುಡಿದು ಓಡಿಸಿದ್ದಕ್ಕೆ ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಕೇಸ್ ಇದ್ದರೆ ಪಾಸ್‌ಪೋರ್ಟ್ ಸಿಗಲ್ವಾ?

ಕೋರ್ಟಿನಿಂದ ಅನುಮತಿ ತಂದರೆ ಸಿಗುತ್ತದೆ. ಅರ್ಜಿಯಲ್ಲಿ ಕೇಸು ಮುಚ್ಚಿಡೋದು ಮಾತ್ರ ಬೇಡ, ಪೊಲೀಸ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಬೀಳುತ್ತದೆ. ಜಾಮೀನು ಷರತ್ತಿನಲ್ಲಿ ದೇಶ ಬಿಡಬಾರದು ಅಂತ ಇದ್ದರೆ ಆನ್‌ಸೈಟ್‌ಗೆ ಟಿಕೆಟ್ ಮಾಡುವ ಮುಂಚೆ ಕೋರ್ಟನ್ನು ಕೇಳಬೇಕು.

ವಕೀಲರನ್ನು ಮಧ್ಯದಲ್ಲಿ ಬದಲಾಯಿಸಬಹುದಾ?

ಬದಲಾಯಿಸಬಹುದು. ಹಳಬರಿಂದ 'ಆಕ್ಷೇಪಣೆ ಇಲ್ಲ' ಅಂತ ಸಹಿ ತೆಗೆದುಕೊಂಡು ಹೊಸಬರು ವಕಾಲತ್ತು ಹಾಕುತ್ತಾರೆ. ಫೀಸ್ ಬಾಕಿ ಇದೆ ಅಂತ ನಿಮ್ಮ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಮೊದಲ ದಿನದಿಂದ ಪ್ರತಿ ಕಾಗದದ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇದ್ದರೆ ಈ ರಗಳೆಯೇ ಇರಲ್ಲ. ನಮ್ಮ ಮೊದಲ ವಕೀಲರು ಫೈಲು ಸಿಗುತ್ತಿಲ್ಲ ಅಂದಾಗ ನನ್ನ ನೀಲಿ ಫೈಲೇ ನಮ್ಮನ್ನು ಉಳಿಸಿದ್ದು.

ಕೇಸು ಮುಗಿಯಿತು. ಇನ್ನೇನಾದರೂ ಬಾಕಿ ಇರುತ್ತಾ?

ಆದೇಶದ ದೃಢೀಕೃತ ಪ್ರತಿ ಎರಡು ತೆಗೆದುಕೊಳ್ಳಿ, ಒಂದು ಪಾಸ್‌ಪೋರ್ಟ್‌ಗೆ, ಒಂದು ಮನೆಗೆ. ವಿಚಾರಣೆ ನಡೆದು ಖುಲಾಸೆ ಆಗಿದ್ದರೆ, ಮೇಲ್ಮನವಿ ಬಂದರೆ ಬರುತ್ತೇನೆ ಅಂತ 6 ತಿಂಗಳ ಮುಚ್ಚಳಿಕೆ ಕೇಳುತ್ತಾರೆ, ಅದಕ್ಕೆ ಹೆದರಬೇಡಿ. ಜಪ್ತಿ ಮಾಡಿದ ಫೋನೋ ಗಾಡಿಯೋ ಇದ್ದರೆ ಬಿಡಿಸಿಕೊಳ್ಳಲು ಅರ್ಜಿ ಹಾಕಿ. ಶೂರಿಟಿ ಕೊಟ್ಟವರ ಮೂಲ ಪತ್ರಗಳು ಕೋರ್ಟಿನಲ್ಲೋ ವಕೀಲರ ಆಫೀಸಿನಲ್ಲೋ ಉಳಿದಿದ್ದರೆ ಅವತ್ತೇ ಕೇಳಿ ವಾಪಸ್ ಕೊಡಿಸಿ. ನಮಗೆ ಶೂರಿಟಿ ನಿಂತಿದ್ದ ಚಿಕ್ಕಪ್ಪನ ಕಾಗದ ವಾಪಸ್ ತರೋಕೆ ನಾನು ಇನ್ನೂ ಎರಡು ಸಲ ಹೋಗಬೇಕಾಯಿತು. ಭಾವ ಬರಲಿಲ್ಲ, ಅವರಿಗೆ ಆ ರಸ್ತೆ ಕಂಡರೇ ಆಗಲ್ಲವಂತೆ.